ಮಗ್ಗದ ಮಾವನನ್ನು ಕೂರಿಸಿ ಕೇಳಬೇಕಿದ್ದ ಪ್ರಶ್ನೆ

ಮಗ್ಗದ ಮಾವನನ್ನು ಪರೀಕ್ಷೆ ಮಾಡದೆಯೇ ಅವರ ಡಯಾಲಿಸಿಸ್ ಕಡತದಲ್ಲಿ ಮೂತ್ರಪಿಂಡದ ‘ಕಸಿಗೆ ಅನರ್ಹ’ ಎಂದು ಬರೆದರು. ಬರೆದವರು ವೈದ್ಯರೋ, ಗುಮಾಸ್ತರೋ, ಗುತ್ತಿಗೆ ಸಂಸ್ಥೆಯ ನೌಕರರೋ ನನಗೆ ಗೊತ್ತಿಲ್ಲ. ಆ ಷರಾದ ಕೆಳಗೆ ಸಹಿ ಇಲ್ಲ. ಸಹಿಯಿಲ್ಲದ ಎರಡು ಪದಗಳ ಮೇಲೆ ಒಬ್ಬ ಮನುಷ್ಯನ ಎರಡು ವರ್ಷಗಳು ನಿಂತಿದ್ದವು. ಇದನ್ನು ಅಚಾತುರ್ಯ ಎಂದು ಕರೆಯಲು ನಾನು ಸಿದ್ಧಳಿಲ್ಲ. ಇದು ಹೊಣೆಗೇಡಿತನ.

ಅವರ ಎಡಗೈ ಹಾಡುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಹೆಬ್ಬೆರಳಿನಷ್ಟು ದಪ್ಪದ ನಾಳವೊಂದು ಚರ್ಮದಡಿ ಹಗ್ಗದಂತೆ ಸುತ್ತಿ ಮಲಗಿತ್ತು. ಕಿವಿಯಿಟ್ಟರೆ ಒಳಗಿನಿಂದ ಗುಂಯ್ ಎಂಬ ನಾದ ಬಿಡದೆ ಕೇಳುತ್ತಿತ್ತು. ಮೊದಲ ಸಲ ನನ್ನನ್ನು ಕರೆದು ಕೇಳಿಸಿದಾಗ ಅವರ ಮುಖದಲ್ಲಿ ಹೊಸ ಆಟದ ಸಾಮಾನು ಸಿಕ್ಕ ಮಗುವಿನ ಹಿಗ್ಗಿತ್ತು.

“ಬಾ ಕಣಮ್ಮ, ಕೇಳು. ಒಳಗೆ ಜೇನು ಕೂತೈತೆ. ನಿಂತೋದ್ರೆ ತಕ್ಷಣ ಓಡಿ ಬಾ ಅಂತ ಹೇಳವ್ರೆ. ಅದ್ಕೇ ಎದ್ದ ತಕ್ಷಣ ಕಿವಿಗಿಟ್ಕಂತೀನಿ. ಲೇ ಜೇನೇ, ಇದೀಯಾ ಅಂತೀನಿ. ಇದೀನಿ ಅಂತದೆ.”

ಹುಲಿಕುಂಟೆ ಕಡೆಯ ನಮ್ಮ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ರಕ್ತಸಂಬಂಧವಿರಲಿಲ್ಲ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಸಿ ಕೂತು ಕುರಿಯುಣ್ಣೆಯ ಕಂಬಳಿ ನೇಯುತ್ತಿದ್ದುದರಿಂದ ಅವರು ಇಡೀ ಬೀದಿಗೆ ಮಗ್ಗದ ಮಾವ. ನನ್ನ ಬಾಲ್ಯದ ಬೆಳಗಿನ ನಿದ್ದೆಯೆಲ್ಲ ಆ ಗೋಡೆಯಾಚೆಯ ಸದ್ದಿನ ಮೇಲೆ ತೇಲಿದೆ. ಲಾಳಿ ಸರಿದ ಸದ್ದು, ಹಲಗೆ ಬಡಿದ ಸದ್ದು, ನಡುವೆ ಒಂದು ಉಸಿರಿನಷ್ಟು ಬಿಡುವು. ಆ ಬಿಡುವಿನಲ್ಲಿ ನಾನು ಇನ್ನೊಂದು ಕನಸಿಗೆ ಜಾರುತ್ತಿದ್ದೆ.

ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವ ದಿನ ಬೀದಿ ಅವರದು. ಆ ತುದಿಯಿಂದ ಈ ತುದಿಯವರೆಗೆ ಕರಿಯ ಎಳೆಗಳನ್ನು ಬಿಗಿದು ಕಟ್ಟಿ, ಕುಂಚ ಹಿಡಿದು, ಕುದುರೆಯ ಮೈ ಉಜ್ಜುವವರಂತೆ ಉಜ್ಜುತ್ತ ಹೋಗುತ್ತಿದ್ದರು. ಎಳೆಗಳ ಕೆಳಗೆ ಬಿಸಿಲು ಗೆರೆಗೆರೆಯಾಗಿ ಬೀಳುತ್ತಿತ್ತು. ಮಕ್ಕಳು ಅದರಡಿ ತೆವಳಿಕೊಂಡು ಹೋದರೆ ನೀರಿನ ತಳದಲ್ಲಿ ಹೋದಂತಾಗುತ್ತಿತ್ತು. ಒಮ್ಮೆ ಬೈಕಿನಲ್ಲಿ ಬಂದ ಒಬ್ಬ ಹಾರನ್ ಒತ್ತಿ, “ಏನ್ ಮಾವ, ರೋಡೇ ಬಂದ್ ಮಾಡ್ಬುಟ್ಟಿದೀಯಲ್ಲ!” ಎಂದ. ಮಾವ ಕುಂಚ ನಿಲ್ಲಿಸದೆ, “ಬಗ್ಗಿ ಹೋಗು, ಇಲ್ಲ ಒಣಗೋಗಂಟ ಬೀಡಿ ಸೇದು. ಎಲ್ರೂ ಬಗ್ಗವ್ರೆ. ನಿಂಗೇನು ಬೆನ್ನಾಗೆ ಬಿದಿರು ಸಿಗಿಸವ್ರಾ?” ಎಂದರು. ಅವನು ನಗುತ್ತ ಬೈಕಿನ ಮೇಲೆ ಬಗ್ಗಿಕೊಂಡು ಹೋದ.

ಅವರದೊಂದು ಕಟ್ಟಳೆಯಿತ್ತು. ಮುಗಿದ ಕಂಬಳಿಯನ್ನು ಮಗ್ಗದಿಂದ ಕತ್ತರಿಸುವ ಮುನ್ನ ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: “ಕತ್ತರಿಸ್ಲಾ?” ಹೆಂಡತಿಯನ್ನು ಕೇಳಬೇಕು, ಬಂದ ನೆಂಟರನ್ನು ಕೇಳಬೇಕು, ಉಣ್ಣೆ ಹಿಂಜುತ್ತ ಕೂತ ಹೆಂಗಸರನ್ನು ಕೇಳಬೇಕು. ಎಲ್ಲರೂ “ಹೂಂ” ಎಂದ ಮೇಲೆಯೇ ಕತ್ತರಿ. ನಾನು ಆರು ವರ್ಷದವಳಿದ್ದಾಗ ಅಲ್ಲೇ ಆಡುತ್ತಿದ್ದವಳನ್ನು ಕೇಳಿದರು. ಏಕೋ ಏನೋ, “ಬೇಡ” ಎಂದುಬಿಟ್ಟೆ. ಮಾವ ಕತ್ತರಿ ಕೆಳಗಿಟ್ಟು ಮತ್ತೆ ಗುಂಡಿಗಿಳಿದು ಒಂದು ಗೇಣು ಹೆಚ್ಚು ನೇಯ್ದರು. ಕೊಳ್ಳಲು ಬಂದ ಕುರಿಗಾಹಿಗೆ, “ಉದ್ದ ಆಗೈತೆ. ಮಗು ಬ್ಯಾಡ ಅಂತು,” ಎಂದಷ್ಟೇ ಹೇಳಿದರು. ಆತನೂ ಅದನ್ನು ಸರಿಯಾದ ಕಾರಣವೆಂದೇ ಒಪ್ಪಿಕೊಂಡು ಹೊದ್ದು ನಡೆದ. ಜಗತ್ತಿನಲ್ಲಿ ನನ್ನ ಮಾತಿಗೆ ಬೆಲೆಯಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಆ ದಿನ. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಹಕ್ಕುಗಳ ಕುರಿತು ಓದಿದ ಪುಸ್ತಕಗಳೆಲ್ಲ ಆ ಒಂದು ಗೇಣು ಕಂಬಳಿಯ ಟಿಪ್ಪಣಿಗಳಂತೆ ಕಂಡವು.

ಮೂತ್ರಪಿಂಡಗಳು ಕೈಬಿಟ್ಟಾಗ ಅವರಿಗೆ ಐವತ್ತೆಂಟು. ಸಕ್ಕರೆ ಕಾಯಿಲೆ ಹಳೆಯದು. ಅದರ ಹಿಂದಿನ ವರ್ಷವಷ್ಟೇ ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಹೀಗೆ ಎರಡು ಮೂರು ಕಾಯಿಲೆಗಳನ್ನು ಒಟ್ಟಿಗೆ ಹೊತ್ತವರನ್ನು ಆಸ್ಪತ್ರೆಯ ಭಾಷೆಯಲ್ಲಿ ‘ಹೆಚ್ಚು ಅಪಾಯದ ರೋಗಿ’ ಎನ್ನುತ್ತಾರೆ. ಅಪಾಯ ರೋಗಿಗೆ. ಆದರೆ ಆ ಮಾತನ್ನು ಹೇಳುವ ಧಾಟಿಯಲ್ಲಿ ಆಸ್ಪತ್ರೆಗೇ ಅಪಾಯ ಬಂದಂತೆ ಕೇಳಿಸುತ್ತದೆ.

ಡಯಾಲಿಸಿಸ್ ಘಟಕ ಬಸ್ಸಿನಲ್ಲಿ ಹೋಗಬೇಕಾದ ದೂರದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿತ್ತು, ಅದನ್ನು ನಡೆಸುತ್ತಿದ್ದುದು ಒಂದು ಗುತ್ತಿಗೆ ಸಂಸ್ಥೆ. ನಾನು ಆಗಷ್ಟೇ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಮಾವನ ಹೆಂಡತಿ, ನಮ್ಮ ಅತ್ತೆಗೆ ಮಂಡಿನೋವು, ಅವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಜೊತೆಗೆ ಹೋಗುವ ಕೆಲಸ ತಾನಾಗಿ ನನಗೆ ಬಂತು. ಮೊದಲ ವಾರದ ಒಂದು ಬೆಳಿಗ್ಗೆ, ಅವರ ರಕ್ತ ಕೊಳವೆಯಲ್ಲಿ ಸುತ್ತುತ್ತಿದ್ದಾಗ, ಕೈಯಲ್ಲಿ ನಮೂನೆ ಹಿಡಿದ ನೌಕರನೊಬ್ಬ ಹಾಸಿಗೆಯಿಂದ ಹಾಸಿಗೆಗೆ ಬಂದ. ನಿಂತೇ ಕೇಳಿದ.

“ಕಿಡ್ನಿ ಕೊಡೋರು ಮನೇಲಿ ಯಾರಾದ್ರೂ ಇದಾರೇನಪ್ಪಾ?”

“ಯಾರೂ ಇಲ್ಲ ಸ್ವಾಮಿ.”

“ಅಣ್ಣ, ತಮ್ಮ, ಅಕ್ಕ, ತಂಗಿ?”

ಮಾವ ಒಂದು ಗಳಿಗೆ ಕಣ್ಣುಮುಚ್ಚಿದರು. “ಇಲ್ಲ.”

ನೌಕರ ಏನೋ ಗೀಚಿ ಮುಂದಿನ ಹಾಸಿಗೆಗೆ ಹೋದ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಾರದು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಬಳಿಯ ಹಳ್ಳಿಯಲ್ಲಿ ಅವರ ಒಡಹುಟ್ಟಿದ ತಂಗಿ ಇರುವುದು ನನಗೆ ಗೊತ್ತಿತ್ತು. ಅವರ ಕೈಯ ಕಜ್ಜಾಯ ತಿಂದೇ ಬೆಳೆದವಳು ನಾನು. ಆದರೂ ಬಾಯಿ ತೆರೆಯಲಿಲ್ಲ. ಹಿರಿಯರು ‘ಇಲ್ಲ’ ಎಂದ ಮೇಲೆ ‘ಇದ್ದಾರೆ’ ಎನ್ನುವುದು ನಮ್ಮಲ್ಲಿ ಅವರ ಪಂಚೆ ಎಳೆದಷ್ಟೇ ಅವಮಾನ. ಬಸ್ಸಿನಲ್ಲಿ ಮಾತ್ರ ಕೇಳಿದೆ.

“ಮಾವಾ, ಇಲ್ಲ ಅಂತ ಯಾಕಂದೆ?”

“ತಂಗೀನ ಆಸ್ಪತ್ರೆ ಪುಸ್ತಕದಾಗೆ ಬರೆಸ್ಲಾ? ತವರಿಂದ ಹೆಣ್ಣುಮಗೀಗೆ ಹೋಗ್ಬೇಕು. ಅವಳಿಂದ ತವರಿಗೆ ಏನೂ ಬರಬಾರ್ದು ಕಣಮ್ಮ. ಒಂದು ನಿಂಬೆಹಣ್ಣು ಬಂದ್ರೂ ಎರಡು ತೆಂಗಿನಕಾಯಿ ವಾಪಸ್ ಕಳಿಸ್ದೋನು ನಮ್ಮಪ್ಪ. ಕಿಡ್ನಿ ಇಸ್ಕಂಡ್ರೆ ನಾನೇನ್ ವಾಪಸ್ ಕಳಿಸ್ಲಿ?”

ಇದು ಅವರ ತಪ್ಪು. ಈ ಸೀಮೆಯಲ್ಲಿ ಅಣ್ಣನಾಗಿ ಹುಟ್ಟಿದವರು ಮಾತ್ರ ಮಾಡಬಲ್ಲ ತಪ್ಪು. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡು ಅಂಗಾತ ಮಲಗಿದ ಮನುಷ್ಯನನ್ನು ನಿಂತುಕೊಂಡು ಕೇಳಿದ ಒಂದು ಪ್ರಶ್ನೆಯನ್ನೇ ಇಡೀ ವಿಚಾರಣೆ ಎಂದುಕೊಂಡ ತಪ್ಪು ಯಾರದು? ಮೃತರು ದಾನ ಮಾಡಿದ ಅಂಗ ಪಡೆಯಲು ಸರದಿ ಪಟ್ಟಿಯೊಂದಿದೆ, ಮನೆಯಲ್ಲಿ ದಾನಿಯಿಲ್ಲದಿದ್ದರೂ ಅದರಲ್ಲಿ ಹೆಸರು ಬರೆಸಲು ಕೇಳಬಹುದು ಎಂದು ಅವರಿಗೆ ಅಂದು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಎರಡು ವರ್ಷ ಹೇಳಲಿಲ್ಲ.

ಆ ಎರಡು ವರ್ಷಗಳನ್ನು ನೆನೆದರೆ ನನಗೆ ಈಗಲೂ ಮಂಪರು ಕವಿದಂತಾಗುತ್ತದೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು, ಹೊರಗೆ ಬಿಸಿಲು, ಒಳಗೆ ಯಂತ್ರಗಳ ಒಂದೇ ಸಮನಾದ ಸದ್ದು. ಕೆಂಪು ಕೊಳವೆಗಳು ಸುತ್ತಿ ಸುತ್ತಿ ಬರುತ್ತಿದ್ದವು. ಮಾವ ಅರೆನಿದ್ದೆಯಲ್ಲಿ ಬಲಗೈ ಬೆರಳುಗಳನ್ನು ಆಡಿಸುತ್ತಿದ್ದರು, ಕಾಣದ ಲಾಳಿಯೊಂದನ್ನು ಅತ್ತಿಂದಿತ್ತ ದಾಟಿಸುವಂತೆ. ಎಚ್ಚರವಾದಾಗ, “ಕೆಂಪು ನೂಲು ಚೆಂದ ಬರ್ತಾ ಇತ್ತು ಕಣಮ್ಮ. ಉಣ್ಣೆಗೆ ಆ ಬಣ್ಣ ಕೂರಲ್ಲ,” ಎನ್ನುತ್ತಿದ್ದರು.

ಪಕ್ಕದ ಹಾಸಿಗೆ ಪಾವಗಡ ಕಡೆಯವರದು. ಕ್ಯಾತಗಾನಚೆರ್ಲುವಿನಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ಹಿರಿಯರು. ತಮ್ಮ ಕಡೆಯ ಘಟಕದಲ್ಲಿ ಸರದಿ ಸಿಗದೆ ಇಷ್ಟು ದೂರ ಬರುತ್ತಿದ್ದರು. “ಭೂಮಿ ಸೂರ್ಯನಿಗೆ ಲೀಸು, ರಕ್ತ ಮಿಷನ್ನಿಗೆ ಲೀಸು. ನಾನು ಬರೀ ಓನರ್ರು ಬಾವಾ!” ಎಂದು ನಗುತ್ತಿದ್ದರು. ತೆಲುಗು ಬೆರೆತ ಕನ್ನಡದಲ್ಲಿ ಮಾವನನ್ನು ಅವರು ಕರೆಯುತ್ತಿದ್ದುದು ‘ಬಾವಾ’ ಎಂದೇ.

ಚಿಕಿತ್ಸೆ ಮುಗಿದ ಮೇಲೆ ಇಬ್ಬರೂ ಘಟಕದ ಮುಂದಿನ ಹೊಂಗೆ ಮರದ ಕೆಳಗೆ ಬಸ್ಸಿಗೆ ಕಾಯುತ್ತ ಕನಸುಗಳನ್ನು ಹೇಳಿಕೊಳ್ಳುತ್ತಿದ್ದರು. ಡಯಾಲಿಸಿಸ್‌ನವರಿಗೆ ನೀರು ಅಳೆದು ಕುಡಿಯಬೇಕಾದ ಪದಾರ್ಥ. ಹೆಚ್ಚಾದರೆ ಮೈ ಊದಿ ಉಸಿರು ಕಟ್ಟುತ್ತದೆ. ಹೀಗಾಗಿ ಅವರಿಗೆ ಬೀಳುವ ಕನಸುಗಳೆಲ್ಲ ನೀರಿನವೇ.

“ನಿನ್ನೆ ರಾತ್ರಿ ಏಮಾಯ್ತು ಗೊತ್ತಾ ಬಾವಾ? ನಮ್ಮ ಹೊಲದಾಗಿನ ಗಾಜಿನ ಹಲಗೆಗಳು ಇದಾವಲ್ಲ, ದೂರದಿಂದ ನೋಡಿದ್ರೆ ಚೆರುವು, ನಿಮ್ಮ ಕೆರೆ ತರಾನೇ ಹೊಳೀತಾವೆ. ಕನಸಿನಾಗೆ ಅವು ನಿಜಂಗಾ ನೀಳ್ಳೇ ಆಗಿಬಿಟ್ಟಿದಾವೆ. ನಾನು ದಡದಾಗೆ ಕೂತು ಬೊಗಸೆ ಬೊಗಸೆ ಕುಡೀತಾ ಇದೀನಿ. ಅಬ್ಬಾ, ಎಂಥಾ ತಂಪು!”

“ಎಷ್ಟು ಬೊಗಸೆ ಕುಡಿದೆ?”

“ಲೆಕ್ಕ ಇಟ್ಟಿಲ್ಲ.”

“ಇಡ್ಬೇಕಾಗಿತ್ತು. ನಾಳಿದ್ದು ತೂಕ ನೋಡಿ ಸಿಸ್ಟರ್ ಬೈತಾಳೆ,” ಎಂದು ಮಾವ ಗಂಭೀರವಾಗಿ ಹೇಳಿದರು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು.

ಇಂಥ ಮಧ್ಯಾಹ್ನಗಳಲ್ಲಿ ನನ್ನ ಓದು ನನ್ನನ್ನು ಚುಚ್ಚುತ್ತಿತ್ತು. ಡಯಾಲಿಸಿಸ್ ಉಚಿತ ಎಂದು ಗೋಡೆಯ ಮೇಲೆ ಬರೆದಿತ್ತು. ಬಸ್ಸಿನ ದಾರಿ ಯಾರ ಲೆಕ್ಕಕ್ಕೆ? ಆಯಾಸದಲ್ಲಿ ಕರಗುವ ಮರುದಿನ ಯಾರ ಲೆಕ್ಕಕ್ಕೆ? ಎಡಗೈಯಲ್ಲಿ ಭಾರ ಎತ್ತಬಾರದು ಎಂದ ಮೇಲೆ ನಿಂತುಹೋದ ನೇಯ್ಗೆ ಯಾರ ಲೆಕ್ಕಕ್ಕೆ? ಮಾವ ಇದನ್ನು ನನಗಿಂತ ಚಿಕ್ಕದಾಗಿ ಹೇಳುತ್ತಿದ್ದರು. “ವಾರದಾಗೆ ಮೂರು ದಿನ ಮಿಷನ್ದು. ಮೂರು ದಿನ ಸುಸ್ತಿಂದು. ಭಾನುವಾರ ಒಂದು ನಂದು. ಅವತ್ತು ನೆಂಟರು ಬಂದ್ಬುಡ್ತಾರೆ.”

ಮೊದಲ ವರ್ಷದ ಗೌರಿ ಹಬ್ಬಕ್ಕೆ ಅವರು ಎಂದಿನಂತೆ ತಂಗಿಗೆ ಬಾಗಿನ ಕೊಡಲು ಹೊರಟರು. ನಾನೂ ಹೋಗಿದ್ದೆ. ಮೊರದಲ್ಲಿ ಬಳೆ, ರವಿಕೆ ಬಟ್ಟೆ, ಬೇಳೆ, ಬೆಲ್ಲ, ತೆಂಗಿನಕಾಯಿ. ತಂಗಿಯವರು ಸೆರಗು ಮುಚ್ಚಿ ಇಸಿದುಕೊಂಡು ಅಣ್ಣನ ಕಾಲಿಗೆ ನಮಸ್ಕರಿಸಿದರು. ಎದ್ದವರು ಒಳಗೆ ಹೋಗಿ ಟ್ರಂಕಿನಿಂದ ಒಂದು ಚೀಟಿ ತಂದು ಅಣ್ಣನ ಮುಂದೆ ಹಿಡಿದರು. ಮಧುಗಿರಿಗೆ ಹೋಗಿ ರಕ್ತದ ಗುಂಪು ಪರೀಕ್ಷೆ ಮಾಡಿಸಿದ್ದರು. ಅಣ್ಣನದೇ ಗುಂಪು.

“ನಿಮ್ಮ ಭಾವಂಗೂ ಹೇಳಿದೀನಿ. ಬ್ಯಾಡ ಅಂದಿಲ್ಲ. ನಂಗೇನಾಗೈತೆ? ಗುಂಡುಕಲ್ಲಂಗೆ ಇದೀನಿ. ಒಂದು ತಗೋ ಅಣ್ಣ.”

ಮಾವ ಚೀಟಿಯನ್ನು ಮುಟ್ಟಲಿಲ್ಲ. ನಗಲು ನೋಡಿದರು. “ಬಾಗಿನ ಕೊಡಾಕೆ ಬಂದೋನು ಇಸ್ಕಂಡು ಹೋಗ್ಲಾ? ನೋಡ್ದೋರು ಏನಂದಾರು?”

“ನೋಡ್ದೋರಿಗೆ ಒಳಗಿಂದು ಕಾಣ್ತದಾ?”

“ನಿನ್ನ ಬಾಯಿಗೆ ಬೀಗ ಹಾಕ. ಒಬ್ಬಟ್ಟು ಬಡಿಸು.”

ಅವರು ಒಬ್ಬಟ್ಟು ಬಡಿಸಿದರು. ಚೀಟಿ ಮತ್ತೆ ಟ್ರಂಕಿಗೆ ಹೋಯಿತು. ಹಿಂದಿರುಗುವಾಗ ಬಸ್ಸಿನ ಕಿಟಕಿಯಾಚೆ ಮಧುಗಿರಿಯ ಬೆಟ್ಟ ಮಂಜಿನಲ್ಲಿ ತೇಲುತ್ತಿತ್ತು, ಅಷ್ಟು ದೊಡ್ಡ ಕಲ್ಲು ಒಂದು ಮೋಡದಷ್ಟೇ ಹಗುರವಾಗಿ. ಮಾವ ಅದನ್ನೇ ನೋಡುತ್ತ, “ಹಳೇ ಹಾಸಿಗೆ ಹೊಸ ಹೊಕ್ಕು ಹಾಕಿದ್ರೆ ನಿಲ್ಲಾಕಿಲ್ಲ ಕಣಮ್ಮ,” ಎಂದರು. ಹಾಸು ಎಂದರೆ ಮಗ್ಗದ ಉದ್ದನೆಯ ಎಳೆ, ಹೊಕ್ಕು ಎಂದರೆ ಅದಕ್ಕೆ ಅಡ್ಡವಾಗಿ ನೇಯುವ ಎಳೆ. ನಾನು ನೇಯ್ಗೆಯವಳಲ್ಲ. ಆದರೆ ಆ ಮಾತು ಅವರದಲ್ಲ ಎನಿಸಿತು. ಘಟಕದಲ್ಲಿ ಯಾರೋ ಒಬ್ಬರು ಅವರಿಗೆ ಕೇಳುವಂತೆಯೇ, “ಹಳೇ ಗಾಡಿಗೆ ಹೊಸ ಇಂಜಿನ್ ಯಾಕೆ” ಎಂದಿದ್ದನ್ನು ನಾನೂ ಕೇಳಿದ್ದೆ. ಮಾವ ಅದನ್ನು ಮನೆಗೆ ತಂದು ತಮ್ಮ ಮಗ್ಗಕ್ಕೆ ಹೂಡಿಕೊಂಡಿದ್ದರು.

ಎರಡನೆಯ ವರ್ಷ ಅವರ ಕಾಗದಗಳ ಪ್ರತಿ ಮಾಡಿಸಿಕೊಂಡು ದೊಡ್ಡ ಊರಿನ ಮೂತ್ರಪಿಂಡ ತಜ್ಞೆಯೊಬ್ಬರ ಬಳಿಗೆ ಒಯ್ದೆ. ಮಾವನನ್ನೂ ಕರೆದೊಯ್ದೆ. ಆ ವೈದ್ಯೆ ಮಾಡಿದ ಮೊದಲ ಕೆಲಸವೆಂದರೆ, ಕುರ್ಚಿ ಎಳೆದು ಅವರನ್ನು ಕೂರಿಸಿದ್ದು. ಆಮೇಲೆ ತಾವೂ ಕೂತು ಹೇಳಿದ್ದನ್ನು ನೆನಪಿದ್ದಂತೆ ಬರೆಯುತ್ತೇನೆ.

“ನಿಮ್ಮಂಥವರಿಗೆ ಕಸಿ ಸಲೀಸಲ್ಲ, ಸುಳ್ಳು ಹೇಳಲ್ಲ. ಆಪರೇಷನ್ ಆದ ಮೊದಲ ಕೆಲವು ತಿಂಗಳು ಡಯಾಲಿಸಿಸ್‌ನಲ್ಲಿ ಇರೋದಕ್ಕಿಂತ ಹೆಚ್ಚು ಅಪಾಯ. ಸೋಂಕಾಗಬಹುದು, ಹೃದಯ ಕೈಕೊಡಬಹುದು. ಅದನ್ನ ದಾಟಿದವರು ಸಾಮಾನ್ಯವಾಗಿ ಮಿಷನ್ ಮೇಲಿರೋರಿಗಿಂತ ಹೆಚ್ಚು ದಿನ ಬದುಕ್ತಾರೆ, ಚೆನ್ನಾಗೂ ಬದುಕ್ತಾರೆ. ಖರ್ಚು ಮೊದಲು ಒಟ್ಟಿಗೆ ಬರುತ್ತೆ, ಆಮೇಲೆ ಮಾತ್ರೆ ಜೀವನಪೂರ್ತಿ. ಡಯಾಲಿಸಿಸ್ ಖರ್ಚು ದಿನಾ ಸ್ವಲ್ಪ ಸ್ವಲ್ಪ ಬರುತ್ತೆ, ನಿಲ್ಲೋದೇ ಇಲ್ಲ. ನಿಮ್ಮ ಹೃದಯ ತಡೆಯುತ್ತಾ ಅಂತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ. ತಡೆಯಲ್ಲ ಅಂತಾದರೆ ನಾನೇ ಬೇಡ ಅಂತೀನಿ.”

ಕಾಗದಗಳನ್ನು ಮತ್ತೊಮ್ಮೆ ತಿರುವಿದರು. “ಇಲ್ಲಿ ಅನರ್ಹ ಅಂತ ಬರೆದಿದೆ. ಹೃದಯದ ಪರೀಕ್ಷೆ ಯಾವುದು? ಒಂದೂ ಇಲ್ವಲ್ಲ.”

ಆ ಎರಡು ಪದಗಳನ್ನು ನಾನು ಗಮನಿಸಿದ್ದು ಆಗಲೇ. ‘ದಾನಿ ಇಲ್ಲ. ಹಲವು ಕಾಯಿಲೆ. ಕಸಿಗೆ ಅನರ್ಹ.’ ದಿನಾಂಕ, ಮೊದಲ ವಾರದ ಆ ಬೆಳಗಿನದು.

ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. “ಅಂಗಾದ್ರೆ ಹಾಸು ಎಳೆದು ನೋಡ್ದೇನೇ ಹಳೇದು ಅಂದ್ರಾ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. “ನಾನು ಜೀವಮಾನದಾಗೆ ಅಂಗೆ ಮಾಡಿಲ್ಲಪ್ಪ. ಎಷ್ಟು ಹಳೇ ಕಂಬಳಿ ತಂದ್ರೂ ಬಿಸಿಲಿಗೆ ಹಿಡಿದು, ಎಳೆದು ನೋಡಿ ಹೇಳೀನಿ. ನಡೀ, ದೊಡ್ಡೇರಿ ಬಸ್ಸು ಹಿಡಿಯನ.”

ಅಂದು ಕಂಡದ್ದು ನನಗೆ ಈಗಲೂ ನಡೆದದ್ದೋ ಕನಸೋ ತಿಳಿಯುವುದಿಲ್ಲ. ಹಬ್ಬವಲ್ಲದ ಒಂದು ಸಂಜೆ, ಮೊರವಿಲ್ಲ, ಬಳೆಯಿಲ್ಲ, ಬರಿಗೈ. ತಂಗಿಯವರು ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಾವ ಅವರೆದುರು ಮಂಡಿಯೂರಿ ಕೂತು ಹೆಗಲ ಟವೆಲು ತೆಗೆದು, ಮಡಿಲು ತುಂಬಿಸಿಕೊಳ್ಳುವ ಹೆಂಗಸರು ಸೆರಗು ಒಡ್ಡುವಂತೆ ಎರಡೂ ಕೈಯಲ್ಲಿ ಹರವಿ ಹಿಡಿದರು. ಗಂಡಸು ಹಾಗೆ ಒಡ್ಡಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ತಂಗಿಯವರು ಕೈ ಒರೆಸಿಕೊಂಡು ಒಳಗೆ ಹೋಗಿ ಅಕ್ಕಿ, ಎಲೆಅಡಿಕೆ, ಒಂದು ತೆಂಗಿನಕಾಯಿ ತಂದು ಟವೆಲಿಗೆ ಹಾಕಿದರು. ಎಲ್ಲಕ್ಕಿಂತ ಮೇಲೆ ಆ ಚೀಟಿ. ಆಮೇಲೆ ಜೋರಾಗಿ ಅತ್ತರು, ಅಳುತ್ತಲೇ ಬೈದರು: “ಒಂದು ವರ್ಷ ಬೇಕಾಯ್ತಾ ನಿಂಗೆ? ಮೂದೇವಿ! ಅಣ್ಣ ಅನ್ನಿಸ್ಕಂಡೋನು ಇಷ್ಟು ದಡ್ಡ ಆಗ್ಬಾರ್ದು.”

“ಬೈಯಿ. ಬೈದ್ರೆ ತೂಕ ಇಳೀತದೆ,” ಎಂದು ಮಾವ ಕಣ್ಣೊರೆಸಿಕೊಂಡರು.

ಅಣ್ಣ ತನ್ನ ತಪ್ಪನ್ನು ತಿದ್ದಿಕೊಳ್ಳಲು ಒಂದು ಸಂಜೆ ಸಾಕಾಯಿತು. ಘಟಕಕ್ಕೆ ಹೋದೆವು. ಕಸಿಯ ಪರೀಕ್ಷೆಗೆ ಸರ್ಕಾರಿ ನೆರವಿನಡಿ ದೊಡ್ಡ ಆಸ್ಪತ್ರೆಗೆ ಹೋಗಲು ಇಲ್ಲಿಂದ ಶಿಫಾರಸು ಪತ್ರ ಬೇಕಿತ್ತು. ಗುಮಾಸ್ತರು ಕಡತ ತೆರೆದು, “ಅನರ್ಹ ಅಂತ ಷರಾ ಇದೆಯಲ್ಲಮ್ಮ. ಅದನ್ನ ಹೊಡೆದು ಹಾಕದೆ ಪತ್ರ ಕೊಡೋಕಾಗಲ್ಲ,” ಎಂದರು.

“ಹೊಡೆದು ಹಾಕಿ.”

“ಬರೆದವರೇ ಹೊಡೀಬೇಕು.”

“ಬರೆದವರು ಯಾರು?”

“ಸಹಿ ಇಲ್ವಲ್ಲ.”

“ಸಹಿ ಇಲ್ಲದ್ದು ಷರಾ ಹೇಗಾಗುತ್ತೆ ಸರ್?”

“ಅದು ನನಗೆ ಗೊತ್ತಿಲ್ಲ. ಕಡತದಲ್ಲಿದೆ ಅಂದ್ರೆ ಇದೆ.”

ಮುಂದಿನ ಮೂರು ತಿಂಗಳು ಹೀಗೇ ಹೋದವು. ಗುತ್ತಿಗೆ ಸಂಸ್ಥೆಯವರು ಆಸ್ಪತ್ರೆಯತ್ತ ಕೈತೋರಿಸಿದರು, ಆಸ್ಪತ್ರೆಯವರು ಜಿಲ್ಲಾ ಆರೋಗ್ಯ ಕಚೇರಿಯತ್ತ, ಜಿಲ್ಲೆಯವರು ಮತ್ತೆ ಘಟಕದತ್ತ. ನಾನು ಅರ್ಜಿ ಬರೆದೆ, ಮಾಹಿತಿ ಹಕ್ಕಿನಡಿ ಕೇಳಿದೆ, ಕಚೇರಿಯ ಬಾಗಿಲಲ್ಲಿ ದನಿಯೇರಿಸಿದೆ. ಮಾವ ನನ್ನ ತೋಳು ಹಿಡಿದು, “ಲೇ, ಉಸಿರು ಉಳಿಸ್ಕ. ನಾಳಿಕ್ಕೂ ಬರಬೇಕು,” ಎನ್ನುತ್ತಿದ್ದರು. ಆ ದಿನಗಳಲ್ಲಿ ಅವರು ವಿಚಿತ್ರವಾದ ಸಂತೋಷದಲ್ಲಿದ್ದರು. ಆಪರೇಷನ್ ಆದ ಮೇಲೆ ತಂಗಿಗೆ ನೇಯ್ದುಕೊಡಬೇಕಾದ ಕಂಬಳಿಯ ಅಂಚನ್ನು ಬಸ್ ಟಿಕೆಟ್ಟಿನ ಹಿಂದೆ ಬರೆಯುತ್ತಿದ್ದರು. ಬಿಳಿ ಎಳೆ ಎರಡು, ಕಂದು ಒಂದು, ಮತ್ತೆ ಬಿಳಿ. “ಅದು ವಾಪಸ್ ಕೊಟ್ಟಂಗಲ್ಲ ಕಣಮ್ಮ. ಅದಕ್ಕೆ ಸಮ ಯಾವ್ದೂ ಇಲ್ಲ ಅಂತ ಗೊತ್ತು. ಸುಮ್ನೆ ನೇಯದು.” ಸಮನಾಗಿ ಹಿಂದಿರುಗಿಸಲು ಏನೂ ಇಲ್ಲದಿದ್ದರೂ ಇಸಿದುಕೊಳ್ಳಬಹುದು ಎಂಬುದನ್ನು ಅವರು ಅರವತ್ತರ ಹೊಸ್ತಿಲಲ್ಲಿ ಕಲಿತಿದ್ದರು. ಅದನ್ನು ಕಲಿಯುವುದು ಎಷ್ಟು ಕಷ್ಟವೆಂದು ಅಣ್ಣಂದಿರಿಗೆ ಗೊತ್ತು.

ಕೊನೆಗೆ ಶಿಫಾರಸು ಪತ್ರ ಬಂತು. ಷರಾವನ್ನು ಯಾರೂ ಹೊಡೆದುಹಾಕಿರಲಿಲ್ಲ. ಅದರ ಪಕ್ಕದಲ್ಲಿ ‘ಪುನರ್ ಪರಿಶೀಲನೆಗೆ’ ಎಂದು ಬರೆದಿದ್ದರು. ಅದಕ್ಕೂ ಸಹಿ ಇರಲಿಲ್ಲ. ದೊಡ್ಡ ಆಸ್ಪತ್ರೆ ಹೃದಯದ ಪರೀಕ್ಷೆಗೆ ದಿನ ಕೊಟ್ಟಿತು. ಅದಕ್ಕೆ ಒಂಬತ್ತು ದಿನ ಉಳಿದಿರುವಾಗ ಮಾವನಿಗೆ ಚಳಿಜ್ವರ ಹತ್ತಿತು. ರಕ್ತಕ್ಕೆ ಸೋಂಕಾಗಿದೆ ಎಂದರು. ಮೂರನೆಯ ದಿನ ಮಧ್ಯಾಹ್ನ, ಆಸ್ಪತ್ರೆಯ ಕಿಟಕಿಯಿಂದ ಬಿಸಿಲು ಮಂಚಕ್ಕೆ ಬಂದ ಹೊತ್ತಿನಲ್ಲಿ, ಕಣ್ಣು ತೆರೆದು, “ತಂಗಿಗೆ ಹೇಳು, ನಾನು ಹೂಂ ಅಂದಿದ್ದೆ ಅಂತ,” ಎಂದರು. ಸಂಜೆಯ ಹೊತ್ತಿಗೆ ಅವರಿರಲಿಲ್ಲ.

ಪರೀಕ್ಷೆ ನಡೆದಿದ್ದರೆ ಅವರ ಹೃದಯ ‘ಆಗದು’ ಎಂದಿರಬಹುದಿತ್ತು. ಕಸಿ ನಡೆದಿದ್ದರೂ ಮೊದಲ ತಿಂಗಳಲ್ಲೇ ಹೋಗಿರಬಹುದಿತ್ತು. ಆ ವೈದ್ಯೆ ಇದನ್ನು ಮುಚ್ಚಿಟ್ಟಿರಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಅವರು ಬದುಕಿ ಉಳಿಯುತ್ತಿದ್ದರು ಎಂದು ನಾನು ವಾದಿಸುತ್ತಿಲ್ಲ. ಯಾವ ಅಪಾಯವನ್ನು ಆರಿಸಿಕೊಳ್ಳಬೇಕು ಎಂಬುದು ಅವರ ಹಕ್ಕಾಗಿತ್ತು. ಹೆಚ್ಚು ಕಾಯಿಲೆಯವರು ಎಂಬ ಕಾರಣಕ್ಕೇ ಹೆಚ್ಚು ವಿವರವಾಗಿ, ಹೆಚ್ಚು ಬೇಗ ಹೇಳಬೇಕಿತ್ತು. ಅದೇ ಕಾರಣಕ್ಕೆ ಏನನ್ನೂ ಹೇಳಲಿಲ್ಲ.

ಹನ್ನೊಂದನೆಯ ದಿನ ಮಾವನ ತಂಗಿ, ದೊಡ್ಡೇರಿಯ ಅತ್ತೆ, ನನ್ನನ್ನು ಹಿತ್ತಲಿಗೆ ಕರೆದರು. ಅಳು ಮುಗಿದಿತ್ತು. ದನಿ ಒಣಗಿತ್ತು.

“ಅಣ್ಣ ಇಲ್ಲ ಅಂದ. ಅವನು ಇಲ್ಲ ಅನ್ನೋನೇ, ಅಣ್ಣ ಅಲ್ವಾ. ಓದ್ದೋರು ಅವರು, ದಿನಾ ಇಂಥೋರ್ನ ನೋಡೋರು. ನನ್ನ ಯಾಕೆ ಕೇಳ್ಲಿಲ್ಲ?”

ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದವಳು ನಾನೂ ಹೌದು. ನನ್ನ ಪಾಲಿನ ಮೌನಕ್ಕೆ ಅವರ ಕಾಲು ಮುಟ್ಟಿ ಕ್ಷಮೆ ಕೇಳಿದೆ. ಉಳಿದವರ ಪಾಲಿನದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಆರೋಗ್ಯ ಇಲಾಖೆಯ ಸಂಬಂಧಪಟ್ಟ ಅಧಿಕಾರಿಗಳಲ್ಲಿ ಮತ್ತು ಘಟಕವನ್ನು ನಡೆಸುವವರಲ್ಲಿ ನನ್ನ ವಿನಂತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರಿಗೂ, ಅವರು ಎಷ್ಟೇ ಕಾಯಿಲೆಯವರಾಗಿರಲಿ, ಕಸಿ ಮತ್ತು ಡಯಾಲಿಸಿಸ್ ಎರಡರ ಲಾಭ, ಅಪಾಯ, ಖರ್ಚುಗಳನ್ನು ಮನೆಯವರೊಂದಿಗೆ ಕೂರಿಸಿ ಅವರ ಮಾತಿನಲ್ಲಿ ತಿಳಿಸತಕ್ಕದ್ದು. ಪಾವಗಡದ ಗಡಿಯವರಿಗೆ ತೆಲುಗಿನಲ್ಲೇ ಹೇಳಿ. ದಾನಿಯಿಲ್ಲ ಎಂದವರಿಗೆ ಸರದಿ ಪಟ್ಟಿಯ ವಿಷಯ ಹೇಳಿ, ಅದೇ ಪ್ರಶ್ನೆಯನ್ನು ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ. ಮನುಷ್ಯರು ಮನಸ್ಸು ಬದಲಿಸುತ್ತಾರೆ. ಪರೀಕ್ಷೆಯಿಲ್ಲದೆ ಯಾರನ್ನೂ ಅನರ್ಹರೆಂದು ಬರೆಯಕೂಡದು. ಬರೆದರೆ ಕಾರಣ, ಹೆಸರು, ಸಹಿ ಇರಬೇಕು. ಅದರ ಪ್ರತಿ ರೋಗಿಯ ಕೈಗೆ ಅಂದೇ ಸಿಗಬೇಕು.

ಮಗ್ಗದ ಮಾವನ ಕಡತದಲ್ಲಿ ಆ ಷರಾ ಬರೆದವರು ಯಾರು, ಯಾವ ಪರೀಕ್ಷೆಯ ಮೇಲೆ ಬರೆದರು, ಒಡಹುಟ್ಟಿದವರನ್ನು ಕರೆಸಿ ಏಕೆ ಕೇಳಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಉತ್ತರವನ್ನು ನನಗೆ ಕಳಿಸಬೇಡಿ. ಕನ್ನಡದಲ್ಲಿ, ಬಿಡಿಸಿದ ಅಕ್ಷರದಲ್ಲಿ ಬರೆದು ದೊಡ್ಡೇರಿ ಬಳಿಯ ಆ ತಂಗಿಯ ವಿಳಾಸಕ್ಕೆ ಕಳಿಸಿ. ವಿಳಾಸ ನನ್ನ ಅರ್ಜಿಯಲ್ಲಿದೆ. ಅವರಿಗೆ ಓದಲು ಬರುತ್ತದೆ.